ಮನೆಮಾತು ತೆಲುಗು ಎಂದು ಬರೆದೆ

ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ರಾಯಚೂರಿನ ದಂಪತಿ ನಿನ್ನೆ ಸರ್ಕಾರಿ ಶಾಲೆಯ ಅರ್ಜಿ ಹಿಡಿದು ಕೆಳಗಿಳಿದು ಬಂದರು. "ಹಿರ್ಯಾರಿದ್ದೀರಿ, ಯಾವ ಸಾಲಿ ಚಲೋ ಐತಿ ಹೇಳ್ರಿ" ಎಂದರು. ಇಂಥದ್ದನ್ನು ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. ಹೈದರಾಬಾದಿಗೆ ಬಂದ ಹೊಸತರಲ್ಲಿ ಸನತ್‌ನಗರದ ಸುತ್ತಲಿನ ಮೂರು ಶಾಲೆಗಳನ್ನು ಅಳೆದು ತೂಗಿದವನಲ್ಲವೇ ನಾನು!

ಆ ವೈಭವವನ್ನು ನಿಮಗೂ ಹೇಳಬೇಕು. ನಾನು ಫ್ಯಾಕ್ಟರಿಯೊಂದರ ಗುಮಾಸ್ತ. ಖಾಸಗಿ ಶಾಲೆ ಕೈಗೆಟುಕುವಂತಿರಲಿಲ್ಲ. ಮಗಳು ಸುಧಾ ಒಂದನೆಯ ತರಗತಿಗೆ ಸೇರಬೇಕಿತ್ತು. ಹೆಣ್ಣು ನೋಡಲು ಹೋದ ಬೀಗರ ಗತ್ತಿನಲ್ಲಿ ಶಾಲೆಗಳಿಗೆ ಹೋಗುತ್ತಿದ್ದೆ. ನಲ್ಲಿ ತಿರುಗಿಸುವುದು, ಕಕ್ಕಸಿನ ಚಿಲಕ ಎಳೆದು ನೋಡುವುದು, ಬಿಸಿಯೂಟದ ಸಾರಿಗೆ ಮೂಗು ಒಡ್ಡುವುದು. ಒಂದು ಕಡೆ ಇನ್‌ಸ್ಪೆಕ್ಟರ್ ಎಂದುಕೊಂಡು ಚಹ ಕೊಟ್ಟರು. ಸುಮ್ಮನೆ ಕುಡಿದು ಬಂದೆ.

ಕೊನೆಗೆ ಒಪ್ಪಿದ ಶಾಲೆಯ ಹಿರಿಯ ಟೀಚರಿಗೆ ಕನ್ನಡವೂ ಬರುತ್ತಿತ್ತು. ಮನೆಯಲ್ಲಿ ತೆಲುಗು ಆಡದ ಮಕ್ಕಳನ್ನು ಮಧ್ಯಾಹ್ನ ಒಂದು ತಾಸು ಬೇರೆ ಕೂರಿಸಿಕೊಂಡು ಅವರ ಮಾತಿನಲ್ಲೇ ತಿಳಿಸಿ ಹೇಳುತ್ತಿದ್ದರು. ಕಿಟಕಿಯಲ್ಲಿ ಇಣುಕಿದೆ. ಚಾಪೆಯ ಮೇಲಿದ್ದವರೆಲ್ಲ ನಮ್ಮ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರ ಮಕ್ಕಳು. ಎಣ್ಣೆ ಕಾಣದ ತಲೆ, ಮೈತುಂಬ ಸಿಮೆಂಟಿನ ಧೂಳು. ನನ್ನ ಮಾತನ್ನೇ ಆಡುತ್ತಿದ್ದರು. ನನ್ನ ಮಗಳು ಇವರ ಸಾಲಿನಲ್ಲಿ ಕೂರುವುದೇ ಎಂದು ನಾಚಿಕೆಯಾಯಿತು. ಅದು ಎಂಥ ಕೀಳು ನಾಚಿಕೆ ಎಂದು ಈಗ ಹೇಳಬಲ್ಲೆ. ಆಗ ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ.

ಟೀಚರು ಮನೆಮಾತು ಯಾವುದೆಂದು ಕೇಳಿದಾಗ "ತೆಲುಗೇನಂಡಿ" ಎಂದೆ. ಅರ್ಜಿಯಲ್ಲೂ ಹಾಗೇ ಬರೆದೆ.

ಮನೆಯಲ್ಲಿ ಕನ್ನಡದಲ್ಲಿ ಪಟಪಟ ಮಾತಾಡುತ್ತಿದ್ದ ಸುಧಾ ಎರಡು ವರ್ಷ ತರಗತಿಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿಗೆ ಕಿವಿ ಕೇಳುತ್ತದೆಯೇ ಎಂದು ಶಾಲೆಯಿಂದ ವಿಚಾರಿಸಿದರು. ನಾನು ನಿಜ ಹೇಳುವ ಬದಲು ಅವಳನ್ನು ಕಿವಿ ಡಾಕ್ಟರ ಬಳಿಗೆ ಕರೆದೊಯ್ದೆ. ಬಂದು ಶಾಲೆಯನ್ನೇ ಬೈದೆ.

ನಿನ್ನೆ ಇದನ್ನೆಲ್ಲ ಬಿಟ್ಟು ಆ ದಂಪತಿಗೆ ನಲ್ಲಿ, ಚಿಲಕಗಳ ಪಾಠ ಹೇಳುತ್ತಿದ್ದೆ. ಹಬ್ಬಕ್ಕೆ ಬಂದಿದ್ದ ಸುಧಾ ಚಹದ ಲೋಟ ಇಟ್ಟವಳೇ, "ಮನಿಮಾತು ಕನ್ನಡ ಅಂತನ ಬರೀರಿ, ಅಕ್ಕಾರ" ಎಂದಳು.

ಅವರು ಹೋದ ಮೇಲೆ ಕೇಳಿದೆ: "ನಾ ಸುಳ್ಳು ಬರದಿದ್ದು ನಿನಗ ಗೊತ್ತಿತ್ತೇನು?"

"ನೀ ತೆಲುಗು ಅಂದಾಗ ನಾ ಬಾಜೂಕ ನಿಂತಿದ್ದೆ. ಆಮ್ಯಾಲ ಟೀಚರು ನನ್ನ ಒಬ್ಬಾಕಿನ್ನ ಕರದು ಕನ್ನಡದಾಗ ಕೇಳಿದ್ರಪ್ಪಾ, ಮನ್ಯಾಗ ಏನ್ ಮಾತಾಡ್ತೀರಿ ಅಂತ. ನನಗ ತಿಳೀತು. ತಿಳೀಲಾರದಂಗ ನಿಂತೆ. ನಿನಗ ಎಲ್ಲಿ ಬೈತಾರೋ ಅಂತ ಭಾಳ ಅಂಜಿಕಿ ಆಗಿತ್ತು."

ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆರು ವರ್ಷದ ಕೂಸು ನನ್ನ ಮಾನ ಕಾಯಲು ಬಾಯಿ ಬಿಗಿದುಕೊಂಡು ಕೂತಿತ್ತು.

ಇಂದು ಬೆಳಿಗ್ಗೆ ದಂಪತಿ ಮತ್ತೇನೋ ಕೇಳಲು ಬಂದರು. ಮಗಳನ್ನು ಕೂಗಿದೆ. ನಾನು ಹೊರಗೆ ಹೋಗಲಿಲ್ಲ.