ಬುಟ್ಟಿಯಡಿಯ ಪಾಲು

ಕಾಶಿ ಹರಿಕಂತ್ರ ಹೋದ ಮಂಗಳವಾರ ಬೆಳಿಗ್ಗೆ ಭಾವಿಕೇರಿಯ ತನ್ನ ಮನೆಯಲ್ಲಿ ತೀರಿಕೊಂಡಳು. ಹೃದಯ ನಿಂತಿತು ಎಂದರು ಡಾಕ್ಟರು. ಅವಳಿಗೆ ಅರವತ್ತು ದಾಟಿತ್ತು.

ಅಂಕೋಲೆಯ ಮೀನುಪೇಟೆಯಲ್ಲಿ ಕೂತು ಮಾರುವುದಕ್ಕೆ ಮೊದಲು ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಕೇರಿಗೆ ಬರುತ್ತಿದ್ದಳು. ನಾನು ಪಾಠ ಹೇಳಲು ಶಾಲೆಗೆ ಹೊರಡುವ ಹೊತ್ತಿಗೇ ಬಂದು ತಡಮಾಡಿಸುತ್ತಿದ್ದಳು. ನಮ್ಮ ಸ್ನೇಹ ಶುರುವಾದದ್ದು ಜಗಳದಿಂದ. ಬಂಗಡೆಯ ಕಣ್ಣು ಕೆಂಪಾಗಿದೆ ಎಂದು ನಾನು ತಗಾದೆ ತೆಗೆದಿದ್ದೆ. "ಅದು ನಿದ್ದೆಗೆಟ್ಟು ಬಂದದೆ ಅಕ್ಕೋರೆ. ನಿಮ್ಮ ಕಣ್ಣು ಹ್ಯಾಂಗದೆ ಅಂತ ಕನ್ನಡಿಯಲ್ಲಿ ನೋಡ್ಕಳಿ" ಎಂದಳು. ಮರುದಿನ ಎಲೆಯಲ್ಲಿ ಸುತ್ತಿದ ತಾಜಾ ಬಂಗಡೆ ತಂದು ಜಗುಲಿಯಲ್ಲಿಟ್ಟು, ದುಡ್ಡು ಕೇಳದೆ ಹೋದಳು.

ಆ ಬದಲಿ ಬಂಗಡೆ ಬಂದದ್ದು ಅವಳ ಬುಟ್ಟಿಯಡಿಯ ಪಾಲಿನಿಂದ. ಮೀನನ್ನು ಸಣ್ಣ ಸಣ್ಣ ಗುಪ್ಪೆ ಮಾಡಿ ಪಾಲಿನ ಲೆಕ್ಕದಲ್ಲಿ ಮಾರುವುದು ಪೇಟೆಯ ರೂಢಿ. ಕಾಶಿ ಒಂದು ಪಾಲನ್ನು ಮಾತ್ರ, ಹೊತ್ತು ತಿರುಗುವಾಗ ಬುಟ್ಟಿಯ ತಳದಲ್ಲಿ, ಪೇಟೆಯಲ್ಲಿ ಕೂತ ಮೇಲೆ ಬುಟ್ಟಿ ಬೋರಲು ಹಾಕಿ, ಮುಚ್ಚಿಡುತ್ತಿದ್ದಳು. ಯಾರು ಎಷ್ಟೇ ಕೊಡುತ್ತೇನೆಂದರೂ ಅದನ್ನು ಮಾರುತ್ತಿರಲಿಲ್ಲ. ಕೊಟ್ಟ ಮೀನು ಕೆಟ್ಟಿತ್ತೆಂದು ಯಾರಾದರೂ ತಿರುಗಿ ಬಂದರೆ ಬದಲಿಗೆ ಕೊಡುವುದಕ್ಕೆ ಅದು ಬೇಕು. ಯಾರೂ ಬರದಿದ್ದರೆ ಅದೇ ಅವಳ ಮನೆಯ ಸಾರಿಗೆ.

ಅವಳ ಬಗ್ಗೆ ಬರೆಯಲು ಬಹಳ ಇದೆ. ಅವಳು ಇದ್ದ ಹಾಗೆ ತೋರಿಸಲು ಅವಳ ಮನೆಯ ಗಾಜಿನ ತೊಟ್ಟಿಯ ಕತೆ ಸಾಕು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪೇಟೆಯ ಹೆಂಗಸರ ಭಿಶಿಯಲ್ಲಿ ಅವಳ ಸರದಿ ಬಂತು. ಚೀಟಿಯ ಹಣ ನಲವತ್ತು ಸಾವಿರ. ಆ ಸಂಜೆ ನಮ್ಮ ಜಗುಲಿಗೆ ಬಂದು ಕೇಳಿದಳು: "ಅಕ್ಕೋರೆ, ಸಮುದ್ರದ ಮೀನು ಮನೇಲಿ ಬದುಕ್ತದ್ಯಾ?"

ಅವಳು ಹುಟ್ಟಿದ್ದು ಕಾರವಾರದ ದಕ್ಷಿಣದ ದಂಡೆಯ ಒಂದು ಕೇರಿಯಲ್ಲಿ. ಇಳಿತದ ಹೊತ್ತು ಅಲ್ಲಿಯ ಬಂಡೆಗಳ ನಡುವೆ ಒಂದು ಗುಂಡಿಯಲ್ಲಿ ನೀರು ಉಳಿಯುತ್ತಿತ್ತಂತೆ. ಅದರಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆಯ ಅಂಗೈಯಗಲದ ಮೀನುಗಳು ಸುತ್ತುತ್ತಿದ್ದವು. ಚಿಕ್ಕವಳಿದ್ದಾಗ ಅವಳು ಬಂಡೆಯ ಮೇಲೆ ಬೋರಲು ಮಲಗಿ, ಭರತದ ನೀರು ಏರಿ ಬಂದು ಕಾಲು ತೋಯಿಸುವವರೆಗೆ ಅವುಗಳನ್ನು ನೋಡುತ್ತಿದ್ದಳು. ಆಮೇಲೆ ಆ ದಂಡೆ ನೌಕಾನೆಲೆಯ ಆವರಣಕ್ಕೆ ಸೇರಿತು. ತವರಿನವರು ತೋಡೂರಿಗೆ ಬಂದರು. ಅಷ್ಟರಲ್ಲಿ ಇವಳು ಭಾವಿಕೇರಿಗೆ ಮದುವೆಯಾಗಿ ಬಂದಾಗಿತ್ತು. ಈಗ ಆ ಗುಂಡಿಗೆ ಹೋಗುವ ದಾರಿ ಇಲ್ಲ.

ಶಿರವಾಡಕ್ಕೆ ಕೊಟ್ಟ ಮಗಳು ಪ್ರೀತಿ ತಾಯಿಯ ಮನೆಗೆ ಬಟ್ಟೆ ಒಗೆಯುವ ಮಷೀನು ನೋಡಿಟ್ಟಿದ್ದಳು. ಚೀಟಿಯ ಹಣ ಮೀನಿನ ತೊಟ್ಟಿಗೆ ಎಂದು ಕೇಳಿ ಅವಳಿಗೆ ನಗು, ಸಿಟ್ಟು ಎರಡೂ ಬಂತು.

"ದಿನಾ ಬುಟ್ಟಿ ತುಂಬ ಮೀನು ಕಾಣ್ತೆ ನೀನು. ಇನ್ನೂ ಎಂತ ಕಾಣೂದದೆ ಆಯಿ?"

"ನಾ ಕಂಡದ್ದೆಲ್ಲ ಮಲಗಿದ್ದೇ ಮಗಾ. ಎದ್ದದ್ದನ್ನ ಕಾಣ್ಬೇಕು."

ಯೋಜನೆ ನಮ್ಮ ಜಗುಲಿಯಲ್ಲೇ ಆಯಿತು. ಏನೇನು ಬೇಕೆಂದು ನಾನು ಓದಿ ಹೇಳಿದೆ, ಅವಳು ಬಳಚಿನ ಚಿಪ್ಪುಗಳನ್ನು ನೆಲದ ಮೇಲೆ ಸುರಿದುಕೊಂಡಳು. ಒಂದು ಚಿಪ್ಪಿಗೆ ಒಂದು ಸಾವಿರ. ಮೀನಿನ ಹಾಗೇ ಪಾಲು ಹಾಕಿದಳು. ಗಾಜಿನ ತೊಟ್ಟಿಗೆ, ಅದರ ಸ್ಟ್ಯಾಂಡಿಗೆ ಒಂದು ಪಾಲು. ನೀರನ್ನು ಆಡಿಸುವ ಪಂಪಿಗೆ, ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಯಂತ್ರಕ್ಕೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಅದೇ. ಕಲ್ಲು, ಮರಳಿಗೆ ಒಂದು, ದೀಪಕ್ಕೆ ಒಂದು. ಉಳಿದ ಒಂಬತ್ತು ಚಿಪ್ಪುಗಳ ಮೇಲೆ ನನ್ನ ಹೂವಿನ ಬುಟ್ಟಿ ಬೋರಲು ಹಾಕಿದಳು.

"ಇದು ಎಂತಕ್ಕೆ?" ಎಂದೆ.

"ಗೊತ್ತಿಲ್ಲ. ಗೊತ್ತಿದ್ರೆ ಮ್ಯಾಲೇ ಇಡ್ತಿದ್ದೆ."

ನೀರಿಗೆ, ಮೀನಿಗೆ ಪಾಲು ಹಾಕಲೇ ಇಲ್ಲ. ಅವೆರಡೂ ಅವಳ ಮನೆಯವೇ ಎಂಬಂತೆ ಇತ್ತು ಅವಳ ಮುಖ.

ಕಾರವಾರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಸಂದೇಶನ ಬಳಿ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವಳು ಮೂರಡಿಯ ತೊಟ್ಟಿಗೆ ಕೈಯಿಟ್ಟರೆ ಅವನು ನಾಲ್ಕಡಿಯದನ್ನು ತೋರಿಸಿದ.

"ಮಾವಶಿ, ಮೊದಲ ಸಲ ಮಾಡೋರು ದೊಡ್ಡದೇ ತಕ್ಕಳ್ಬೇಕು. ಸಣ್ಣ ನೀರು ಬೇಗ ಕೆಡ್ತದೆ, ಬೇಗ ಕಾಯ್ತದೆ."

"ಸಣ್ಣದ್ರಲ್ಲಿ ನಿಂಗೆ ಲಾಭ ಕಮ್ಮಿ, ಅದ್ಕೆ ಹೇಳ್ತೆ ನೀನು."

"ಅದೂ ಹೌದು. ಆದ್ರೂ ಹೇಳಿದ್ದು ಸುಳ್ಳಲ್ಲ."

ಆ ಉತ್ತರ ಅವಳಿಗೆ ಹಿಡಿಸಿತು. ನಾಲ್ಕಡಿಯದನ್ನೇ ಒಪ್ಪಿದಳು. ಆದರೆ ಬೇಸಿಗೆಗೆ ನೀರು ತಂಪು ಮಾಡುವ ಯಂತ್ರದ ಬೆಲೆ ಕೇಳಿ, "ಇದು ಬುಟ್ಟಿ ಸಮೇತ ನುಂಗ್ತದಲ್ರಾ" ಎಂದು ಅಲ್ಲಿಂದ ಸರಿದಳು. ನೀರಿಗೆ ಬೆರೆಸುವ ಉಪ್ಪಿನ ಡಬ್ಬಿ ತೋರಿಸಿದಾಗ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ಕೊನೆಗೆ ಅವನು ಉಪ್ಪು ಅಳೆಯುವ ಕೊಳವೆ ಮುಂದಿಟ್ಟ.

"ಸಾರಿಗೆ ಉಪ್ಪು ಹಾಕೂಕೆ ನಾನು ಯಂತ್ರ ತಂದವ್ಳಲ್ಲ. ನಾಲಿಗೆ ಅದೆ."

ದೊಡ್ಡ ತೊಟ್ಟಿಗೆ ಹೆಚ್ಚಾದ ಹಣವನ್ನು ದೀಪದ ಪಾಲಿನಿಂದ ತೆಗೆದಳು. ಹವಳ ಬೆಳೆಸುವುದಿಲ್ಲ, ಮೀನು ಕಾಣುವಷ್ಟು ಬೆಳಕು ಸಾಕು ಎಂದಳು. ಬುಟ್ಟಿಯಡಿಯದನ್ನು ಮುಟ್ಟಲಿಲ್ಲ.

ಡಿಸೆಂಬರಿನಲ್ಲಿ ಅವಳ ಅಣ್ಣನ ಮಗ ಸೋಮು, ದೋಣಿಯವನು, ಹೊಳೆಯ ನೀರು ಮುಟ್ಟದಷ್ಟು ದೂರದಿಂದ ಕ್ಯಾನುಗಳಲ್ಲಿ ಸಮುದ್ರ ತಂದು ಸುರಿದ. ಮೀನು ಬಿಡುವ ಮೊದಲು ಕಲ್ಲು, ಮರಳು, ನೀರು ಹೊಂದಿಕೊಳ್ಳಲು ಕೆಲವು ವಾರ ಬೇಕು ಎಂದು ಸಂದೇಶ ಹೇಳಿದ್ದ. ಕಾಶಿ ಕಾದಳು. ಕೇರಿಯವರು ಬಂದು ದೀಪದ ಕೆಳಗಿನ ಖಾಲಿ ನೀರು ನೋಡಿ, "ಮೀನು ಎಲ್ಲಿ ಕಾಶಕ್ಕಾ?" ಎಂದರೆ, "ಬಸ್ಸು ತಪ್ಪಿ ಹೋಯ್ತಂತೆ, ನಾಳೆ ಬತ್ತದೆ" ಎನ್ನುತ್ತಿದ್ದಳು.

ಜನವರಿಯಲ್ಲಿ ಸೋಮು ಇಳಿತದ ಹೊತ್ತು ಬಂಡೆಗಳ ನಡುವಿನಿಂದ ಎರಡು ಪಟ್ಟೆ ಮೀನು ಹಿಡಿದು ತಂದ. ಅದರ ಹೆಸರೇನು ಎಂದು ಕೇಳಿದೆ. "ಮಾರದ ಮೀನಿಗೆ ಯಾರು ಹೆಸರಿಡ್ತಾರೆ ಅಕ್ಕೋರೆ?" ಎಂದಳು. ತೊಟ್ಟಿಯ ಮುಂದೆ ಮಣೆ ಹಾಕಿ ಕೂತವಳು ನಾನು ಹೊರಟದ್ದನ್ನೂ ಗಮನಿಸಲಿಲ್ಲ.

ಏಪ್ರಿಲ್ ತಿಂಗಳ ಒಂದು ದಿನ ಬೆಳಿಗ್ಗೆಯೇ ಕರೆಂಟು ಹೋಯಿತು, ಮಧ್ಯಾಹ್ನವಾದರೂ ಬರಲಿಲ್ಲ. ಕಾಶಿ ಪೇಟೆಯಿಂದ ಬರುವಷ್ಟರಲ್ಲಿ ತೊಟ್ಟಿಯ ನೀರು ಬೆಚ್ಚಗಾಗಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅವಳ ಕೈ ಬದುಕಿಡೀ ಮಾಡಿದ್ದನ್ನೇ ಮಾಡಿತು. ಪೇಟೆಯ ಡಬ್ಬಿಯಲ್ಲಿ ಉಳಿದಿದ್ದ ಐಸನ್ನು ಎತ್ತಿ ತೊಟ್ಟಿಗೆ ಸುರಿದಳು. ಅದು ಸಿಹಿನೀರಿನ ಐಸು. ಕರಗಿದಂತೆ ಶಾಖವೂ ಉಪ್ಪೂ ಒಟ್ಟಿಗೇ ಇಳಿದವು. ಸಂಜೆಯ ಹೊತ್ತಿಗೆ ಎರಡೂ ಮೀನು ಸತ್ತಿದ್ದವು.

ಮರುದಿನ ನಾನು ಹೋದಾಗ ಅವಳು ತೊಟ್ಟಿಗೆ ಬೆನ್ನು ಹಾಕಿ ಕೂತಿದ್ದಳು.

"ಐಸು ಹಾಕೂದು ಬುಟ್ಟಿ ಮೀನಿಗೆ ಅಕ್ಕೋರೆ," ಎಂದಳು. "ನಾ ಅವನ್ನ ಸತ್ತ ಮೀನಿನ ಹಾಂಗೆ ನೋಡ್ಕಂಡೆ."

ಪ್ರೀತಿ ತೊಟ್ಟಿ ಮಾರಿಬಿಡು ಎಂದಳು. ವಾರದ ನಂತರ ಕಾಶಿ ನಮ್ಮ ಜಗುಲಿಗೆ ಬಂದು, ಮೂಲೆಯಲ್ಲಿ ಹಾಗೇ ಬೋರಲು ಬಿದ್ದಿದ್ದ ಹೂವಿನ ಬುಟ್ಟಿಯನ್ನು ಎತ್ತಿದಳು. ಬುಟ್ಟಿಯಿಲ್ಲದೆ ನಾನು ಅಷ್ಟು ತಿಂಗಳು ಸೆರಗಿನಲ್ಲೇ ಹೂವು ಕೊಯ್ದಿದ್ದೆ. ಒಂಬತ್ತು ಚಿಪ್ಪುಗಳನ್ನೂ ಕೈಗೆ ಬಾಚಿಕೊಂಡಳು.

"ಕೊಟ್ಟದ್ದು ಕೆಟ್ಟೋಯ್ತು. ಬದಲಿ ಕೊಡ್ಬೇಕಲ್ಲ."

ಮತ್ತೆ ಸಂದೇಶನ ಅಂಗಡಿ. ಅವನು ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನು ಕೊಟ್ಟ. ಕರೆಂಟು ಹೋದರೆ ಪಂಪು ನಡೆಸುವ ಬ್ಯಾಟರಿ ಕೊಟ್ಟ. "ಐಸು ಹಾಕಲೇಬೇಕಂದ್ರೆ ಬಾಟ್ಲಿಯಲ್ಲಿ ಗಟ್ಟಿ ಮಾಡಿ, ಮುಚ್ಚಳ ಬಿಗಿದು ತೇಲಿಸಿ, ಮಾವಶಿ. ಒಂದು ಹನಿ ಹೊರಗೆ ಬರ್ಬಾರ್ದು" ಎಂದ. ಉಪ್ಪಿನ ಕೊಳವೆಯನ್ನು ಅವಳೇ ಕೇಳಿ ತೆಗೆದುಕೊಂಡಳು.

"ನಾಲಿಗೆ ಎಲ್ಲಿ ಹೋಯ್ತು?" ಎಂದ ಅವನು.

"ನಿಂಗೆ ಬೈಯೂಕೆ ಇಟ್ಕಂಡೆ."

ತೊಟ್ಟಿಯ ನೀರು ಬದಲಾಯಿತು, ಉಪ್ಪು ಸರಿಹೋಯಿತು. ಆದರೆ ಮಳೆ ಹಿಡಿಯಿತು. ಸೋಮು ಸುಮ್ಮನೆ ಬಂಡೆಗಳ ಕಡೆ ನೋಡಿ ಬರುತ್ತೇನೆಂದರೂ ಕಾಶಿ ಬಿಡಲಿಲ್ಲ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ಮೊದಲು ಅವರ ಮನೆಯವರು ಅದರಿಂದ ಏನನ್ನೂ ತೆಗೆಯುವುದಿಲ್ಲ. ಈ ಸಲ ಕಾಯಿ ಬಿಡಲು ಅವಳು ತಾನೇ ದಂಡೆಗೆ ಹೋದಳು. ಏನು ಬೇಡಿಕೊಂಡೆ ಎಂದು ಕೇಳಿದೆ. "ಬೇಡ್ಕಳ್ಳಿಲ್ಲ. ಎರಡು ತಕ್ಕಂಡು ಹೋಗ್ತೆ ಅಂತ ಹೇಳ್ದೆ" ಎಂದಳು.

ಸೆಪ್ಟೆಂಬರಿನ ಕೊನೆಗೆ, ಸಮುದ್ರ ತಿಳಿಯಾದ ಮೇಲೆ, ಎರಡು ಪಟ್ಟೆ ಮೀನು ಬಂದವು. ಈ ಸಲ ನಾನೂ ಪಕ್ಕದಲ್ಲಿ ಮಣೆ ಹಾಕಿ ಕೂತೆ. ದೊಡ್ಡದು ಕಲ್ಲಿನ ಸಂದಿಯನ್ನು ತನ್ನದೆಂದು ಹಿಡಿದಿತ್ತು. ಸಣ್ಣದು ಹತ್ತಿರ ಬಂದರೆ ಅಟ್ಟುತ್ತಿತ್ತು. ಸಣ್ಣದು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತಿತ್ತು. "ಪೇಟೆಯಲ್ಲಿ ಜಾಗಕ್ಕೆ ನಾವೂ ಹಿಂಗೇ" ಎಂದಳು ಕಾಶಿ. ಗುಂಡಿಯಲ್ಲಿ ಕಂಡದ್ದು ಇದೇ ಹೌದೋ ಎಂದೆ. ಅವಳು ಗಾಜಿನಿಂದ ಕಣ್ಣು ತೆಗೆಯದೆ ಹೌದೆಂದು ತಲೆಯಾಡಿಸಿದಳು.

ಹೋದ ಮಂಗಳವಾರ ಮಳೆಗಾಲದ ನಂತರದ ಆ ಸೆಕೆ ಬೆಳಿಗ್ಗೆಯೇ ಏರಿತ್ತು. ಹಿಂದಿನ ದಿನ ಬಂದು ಉಳಿದಿದ್ದ ಪ್ರೀತಿ ಆಯಿಯ ಕೊನೆಯ ಬೆಳಗಿನ ಬಗ್ಗೆ ನನಗೆ ಹೇಳಿದ್ದು ಇಷ್ಟು. ಕರೆಂಟು ಹೋಯಿತು. ಪ್ರೀತಿ ಚಹ ಕುಡಿದು ಏಳು ಎಂದರೂ ಆಯಿ ಕೇಳಲಿಲ್ಲ. ಬ್ಯಾಟರಿ ಹಚ್ಚಿ, ಪಂಪು ತಿರುಗುವುದನ್ನು ನೋಡಿದಳು. ಫ್ರಿಜ್ಜಿನಿಂದ ಗಟ್ಟಿಯಾದ ಎರಡು ಬಾಟಲಿ ತೆಗೆದಳು. ಒಂದೊಂದರ ಮುಚ್ಚಳವನ್ನೂ ಸೆರಗಿನಿಂದ ಹಿಡಿದು ಬಿಗಿದು, ತಲೆಕೆಳಗು ಮಾಡಿ, ಹನಿ ಬೀಳುತ್ತದೋ ಎಂದು ಕಾದು ನೋಡಿದಳು. ಒಂದನ್ನು ಮೆಲ್ಲಗೆ ನೀರಿನಲ್ಲಿ ಬಿಟ್ಟಳು. ಮೀನುಗಳು ಬಾಟಲಿಗೆ ಹೆದರಿ ಕಲ್ಲಿನ ಹಿಂದೆ ಹೋಗಿ, ಮತ್ತೆ ಹೊರಗೆ ಬಂದವು. ಇನ್ನೊಂದು ಬಾಟಲಿಯನ್ನು ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲಿಟ್ಟು, ಅದರ ಮೇಲೆ ಬುಟ್ಟಿ ಬೋರಲು ಹಾಕಿದಳು.