ಅತ್ತೆಯ ನಲವತ್ತಾರು

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲ. ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಾನು ಚಿಂತಾಮಣಿಯ ಒಂದು ಸಣ್ಣ ಲ್ಯಾಬ್ ಸೇರಿಕೊಂಡಿದ್ದೆ. ಮನುಷ್ಯರ ರಕ್ತದ ಬಿಳಿ ಕಣಗಳನ್ನು ಸಣ್ಣ ಸೀಸೆಗಳಲ್ಲಿ ಮೂರು ದಿನ ಬೆಳೆಸಬೇಕು. ಕೆಲವಕ್ಕೆ ಕ್ಯಾನ್ಸರ್ ತರುವ ಒಂದು ರಾಸಾಯನಿಕವನ್ನು ಹನಿಯಷ್ಟು ಹಾಕಬೇಕು, ಒಂದನ್ನು ಹಾಗೇ ಬಿಡಬೇಕು. ಆಮೇಲೆ ಎರಡೂ ಬಗೆಯ ಸೀಸೆಗಳಲ್ಲಿ ಎಷ್ಟು ಕ್ರೋಮೋಸೋಮುಗಳು ಮುರಿದಿವೆ ಎಂದು ಎಣಿಸಿ ಹೋಲಿಸಬೇಕು.

ರಕ್ತ ಕೊಡುವವರು ಬೀಡಿ, ಸಿಗರೇಟು, ಗುಟ್ಕಾ ಮುಟ್ಟದವರಾಗಿರಬೇಕಿತ್ತು. ನಮ್ಮ ಮನೆಯ ಗಂಡಸರೆಲ್ಲ ಅಲ್ಲಿಗೇ ಫೇಲು. ನಾನೇ ಕೊಡೋಣವೆಂದರೆ ಟೈಫಾಯ್ಡಿನ ಮಾತ್ರೆ ನುಂಗುತ್ತಿದ್ದೆ. ಆಗ ನೆನಪಾದವಳು ದಿಬ್ಬೂರಹಳ್ಳಿಯ ಸೋದರತ್ತೆ. ಐವತ್ತು ದಾಟಿದ್ದರೂ ಒಂದು ದಿನ ಜ್ವರವೆಂದು ಮಲಗಿದವಳಲ್ಲ.

ನಾನು ಹೋದಾಗ ಅತ್ತೆ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು.

"ಎಷ್ಟು ರಕ್ತ ಬೇಕಮ್ಮ?"

"ಎರಡು ಚಮಚ ಸಾಕು ಅತ್ತೆ."

"ಅಷ್ಟೇನಾ? ಸೊಳ್ಳೆಗಳು ಅದಕ್ಕಿಂತ ಜಾಸ್ತಿ ಕುಡ್ಕೊಂಡು ಹೋಗ್ತವೆ. ಬರ್ತೀನಿ ನಡಿ."

ಲ್ಯಾಬಿನಲ್ಲಿ ನಾನೇ ತಯಾರಿಸಿದ್ದ ಫಾರಂ ಓದಿ ಕೇಳಿದೆ. ಬೀಡಿ? ಇಲ್ಲ. ಸಿಗರೇಟು? "ಥೂ, ಏನ್ ಕೇಳ್ತೀಯೇ!" ಗುಟ್ಕಾ? ಇಲ್ಲ. ಅತ್ತೆ ಹೆಬ್ಬೆಟ್ಟು ಒತ್ತದೆ, ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಹಾಕಿದಳು. ನರ್ಸ್ ರಕ್ತ ತೆಗೆಯುವಾಗ ಸೂಜಿಯನ್ನೇ ನೋಡುತ್ತಾ ಕುಳಿತಿದ್ದಳು.

ಮೂರು ದಿನ ಕಳೆಯಿತು. ಕಣಗಳನ್ನು ತೊಳೆದು, ಉಬ್ಬಿಸಿ, ತಣ್ಣನೆಯ ಗಾಜಿನ ಪಟ್ಟಿಯ ಮೇಲೆ ಮೇಲಿನಿಂದ ಹನಿಹನಿಯಾಗಿ ಬೀಳಿಸಬೇಕು. ಆಗ ಕಣ ಒಡೆದು ಕ್ರೋಮೋಸೋಮುಗಳು ಹರಡಿಕೊಳ್ಳುತ್ತವೆ. ಹಿಂದೆ ಕಾಲೇಜಿನಲ್ಲಿ ಕಲಿಯುವಾಗ ಎರಡು ಬಾರಿ ನಾನು ಮಾಡಿದ್ದು ಬರೀ ಮುದ್ದೆಯಾಗಿತ್ತು. ಈ ಸಲ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಒಂದೊಂದೂ ಬಿಡಿಬಿಡಿಯಾಗಿ, ನೇರಳೆ ಬಣ್ಣದಲ್ಲಿ ನಿಂತಿದ್ದವು! ಎಣಿಸಿದೆ. ನಲವತ್ತಾರು. ಮತ್ತೆ ಎಣಿಸಿದೆ. ಮನುಷ್ಯರಿಗೆ ಇರಬೇಕಾದಷ್ಟೇ, ಒಂದೂ ಹೆಚ್ಚುಕಡಿಮೆಯಿಲ್ಲ. ಖುಷಿಗೆ ಕೂಗಿಯೇಬಿಟ್ಟೆ. ನನಗೆ ಗೈಡ್ ಆಗಿದ್ದ ಮೇಡಂ ಏನೋ ಒಡೆಯಿತೆಂದು ಓಡಿ ಬಂದರು.

ಆ ವಾರವೇ ಅತ್ತೆಯನ್ನು ಕರೆಸಿ ತೋರಿಸಿದೆ. ಅವಳು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು.

"ಇದೆಲ್ಲಾ ನಂದೇನಾ?"

"ನಿಂದೇ ಅತ್ತೆ. ಅರ್ಧ ನಿಮ್ಮಮ್ಮ ಕೊಟ್ಟಿದ್ದು, ಅರ್ಧ ನಿಮ್ಮಪ್ಪ ಕೊಟ್ಟಿದ್ದು."

"ಅಯ್ಯೋ ದೇವುಡಾ! ನಮ್ಮಪ್ಪ ಕೊಟ್ಟಿದ್ದು ಇನ್ನೂ ಐತಾ!" ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು.

ಎರಡನೆಯ ಗಾಜು ಇಟ್ಟೆ. ಅದರಲ್ಲಿ ಒಂದರ ತುಂಡು ಕಳಚಿ ಪಕ್ಕಕ್ಕೆ ಬಿದ್ದಿತ್ತು, ಇನ್ನೊಂದು ಬಾಗಿ ಬಳೆಯಂತಾಗಿತ್ತು.

"ಇದ್ಯಾಕಮ್ಮ ಮುರಿದೈತೆ?"

"ನಿನ್ನ ಮೈಯೊಳಗಲ್ಲ, ಸೀಸೆಯಲ್ಲಿ ಮುರಿದಿದ್ದು. ನಾನು ಹಾಕಿದ ವಿಷ. ಹೊಗೆಸೊಪ್ಪು ಸುಟ್ಟ ಹೊಗೆಯಲ್ಲೂ ಇದು ಇರುತ್ತೆ."

ಅತ್ತೆ ತಲೆಯೆತ್ತಿದಳು. "ಹೊಗೆಸೊಪ್ಪಾ?" ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಕಡ್ಡಿಪುಡಿ, ಪುಡಿ ಮಾಡಿದ ಹೊಗೆಸೊಪ್ಪು. "ಎಲೆ ಅಡಿಕೆ ಜೊತೆ ಒಂದು ಚಿಟಿಕೆ ಹಾಕ್ಕೊಂತೀನಿ ಕಣಮ್ಮ. ಮದುವೆ ಆದಾಗಿಂದ. ನಿಮ್ಮ ಮಾವನಿಗೂ ಗೊತ್ತಿಲ್ಲ."

ಇಷ್ಟು ದಿನದ ಕೆಲಸವೆಲ್ಲ ನೀರುಪಾಲು! "ನಾನು ಕೇಳಿದೆನಲ್ಲ ಅತ್ತೆ!"

"ಬೀಡಿ ಕೇಳ್ದೆ, ಸಿಗರೇಟು ಕೇಳ್ದೆ, ಗುಟ್ಕಾ ಕೇಳ್ದೆ. ಕಡ್ಡಿಪುಡಿ ಎಲ್ಲಿ ಕೇಳ್ದೆ?"

ಹಿಂದೆ ನಿಂತಿದ್ದ ಮೇಡಂ ಕುರ್ಚಿ ಹಿಡಿದುಕೊಂಡು ನಗಲಾರಂಭಿಸಿದರು. "ಅವರು ಹೇಳೋದು ಸರಿಯಾಗೇ ಇದೆಯಮ್ಮ. ಈ ಊರಲ್ಲೇ ಹುಟ್ಟಿದ ನೀನು ಫಾರಂನಲ್ಲಿ ಕಡ್ಡಿಪುಡಿ ಬಿಟ್ಟೆಯಲ್ಲ!" ನನಗೂ ನಗು ತಡೆಯಲಾಗಲಿಲ್ಲ. ನಮ್ಮಜ್ಜಿ ಎಲೆಗೆ ಕಡ್ಡಿಪುಡಿ ಉದುರಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಅದು ತಂಬಾಕು ಎಂಬುದು ತಲೆಗೇ ಹೊಳೆದಿರಲಿಲ್ಲ.

ಎಸೆಯುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆದು ಬೇರೆಯಾಗಿ ಇಡು ಎಂದರು ಮೇಡಂ. ಫಾರಂಗೆ ಹೊಸ ಸಾಲು ಸೇರಿತು. ಆದರೆ ಹೊಸ ರಕ್ತ ಎಲ್ಲಿಂದ ತರುವುದು?

ಆ ಕೆಲಸವನ್ನು ಅತ್ತೆಯೇ ವಹಿಸಿಕೊಂಡಳು. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಲು ನಿಂತ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದಳಂತೆ. "ನಿಜ ಹೇಳು, ಗಂಡನಿಗೆ ಹೇಳಲ್ಲ" ಎಂದು ಮೊದಲೇ ಮಾತು ಕೊಟ್ಟು. ನಾಲ್ಕನೆಯ ದಿನ ಮೂವರನ್ನು ಜೊತೆಗೆ ಕಟ್ಟಿಕೊಂಡು ಬಸ್ಸಿನಿಂದ ಇಳಿದಳು. ಮೂವರೂ ಹೊಸ ಫಾರಂನಲ್ಲಿ ಪಾಸಾದರು.

ಆ ಮೂವರ ಸೀಸೆಗಳಿಂದ ನನ್ನ ಲೆಕ್ಕ ಸ್ಪಷ್ಟವಾಗಿ ಬಂತು. ರಾಸಾಯನಿಕ ಹೆಚ್ಚಿಸಿದಂತೆಲ್ಲ ಮುರಿದವೂ ಹೆಚ್ಚುತ್ತಾ ಹೋಗಿದ್ದವು. ಪ್ರಾಜೆಕ್ಟ್ ಒಪ್ಪಿತವಾಯಿತು. ಅತ್ತೆ ಕಡ್ಡಿಪುಡಿಯನ್ನು ಒಂದೇ ದಿನಕ್ಕೆ ಬಿಡಲಿಲ್ಲ. ಮೊದಲು ಊಟದ ನಂತರ ಮಾತ್ರ ಅಂದಳು, ಆಮೇಲೆ ಹಬ್ಬಕ್ಕೆ ಮಾತ್ರ ಅಂದಳು. ಮರುವರ್ಷ ಯುಗಾದಿಗೆ ಹೋದಾಗ ಬರೀ ಎಲೆ ಅಡಿಕೆ ಮೆಲ್ಲುತ್ತಿದ್ದಳು. ನಾನು ಕೇಳುವ ಮುಂಚೆಯೇ ಬಾಯಿ ತೆರೆದು ತೋರಿಸಿದಳು.