ಪೋತ್ನಾಳದ ಚರ್ಚಿನ ಹಿಂದಿನ ಗೋಡೆ

ಪೋತ್ನಾಳದ ಚರ್ಚಿನಲ್ಲಿ ಗಂಟೆ ಬಾರಿಸುವ ಪಕೀರಪ್ಪನಿಗೆ ಆ ಕಟ್ಟಡ ಸ್ವಂತ ಮನೆಯಿದ್ದಂತೆ. ಹರೆಯದಲ್ಲಿ ಅದನ್ನು ಕಟ್ಟುವಾಗ ಅವನು ಗಾರೆ ಕಲಸುತ್ತಿದ್ದ, ವೆಂಕಮ್ಮ ಕಲ್ಲು ಹೊರುತ್ತಿದ್ದಳು. ಹಿಂದಿನ ಗೋಡೆ ಎದೆಮಟ್ಟ ಏಳುವಷ್ಟರಲ್ಲಿ ಇಬ್ಬರ ನಡುವೆ ಸಲುಗೆ ಬೆಳೆದಿತ್ತು. ಮೇಲೆ ತಗಡು ಹೊದಿಸುವಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಕಳೆದ ಮಳೆಗಾಲದಲ್ಲಿ ಊರ ಮೇಲಿನ ಕಾಲುವೆ ಒಡೆಯಿತು. ಗದ್ದೆ ದಾಟಿ ಬಂದ ನೀರು ಚರ್ಚಿನೊಳಗೆ ಸೊಂಟದವರೆಗೆ ನಿಂತಿತು. ಇಳಿದ ಮೇಲೆ ನೋಡಿದರೆ ನೆಲದ ತುಂಬ ಕೆಸರು. ಬೆಂಚುಗಳು ಉಬ್ಬಿ ಕಾಲು ಕಳಚಿಕೊಂಡಿದ್ದವು. ಹೆಂಗಸರು ಬುಟ್ಟಿಯಲ್ಲಿ ಕೆಸರು ಹೊತ್ತು ಹಾಕಿದರು. ಅಕ್ಕಿ ಗಿರಣಿಯ ದೊಡ್ಡಪ್ಪ, ಭತ್ತ ಒಣಗಿಸುವ ಕಣವನ್ನೇ ಬೆಂಚುಗಳಿಗೆ ಬಿಟ್ಟುಕೊಟ್ಟ. "ಬಿಸಲಾಗ ಇಡ್ರಿ. ಮೋಡ ಬಂದ್ರ ನಮ್ಮ ಮಂದಿ ಒಳಗ ಎಳೀತಾರ" ಎಂದ.

ಕೆಸರೆಲ್ಲ ತೆಗೆದ ಮೇಲೆ ನೋಡಿದರೆ ಹಿಂದಿನ ಗೋಡೆ ಹೊರಕ್ಕೆ ವಾಲಿತ್ತು. ಬುನಾದಿ ಕುಸಿದಿದೆ, ಕೆಡವಿಯೇ ಕಟ್ಟಬೇಕು ಎಂದು ರಾಯಚೂರಿನಿಂದ ಬಂದ ಎಂಜಿನಿಯರ್ ಹೇಳಿದ. ಪಕೀರಪ್ಪ ಒಪ್ಪಲಿಲ್ಲ. ಮೇಸ್ತ್ರಿ ಯಮನೂರಪ್ಪ ಹಾರೆ ಹಿಡಿದು ಬಂದಾಗಲೆಲ್ಲ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದ. ಅವನ ವಯಸ್ಸು ನೋಡಿ ಪಾದ್ರಿಗಳೂ ಗದರಲಿಲ್ಲ. ಕೆಲಸ ನಿಂತಿತು.

ಕಡೆಗೆ ವೆಂಕಮ್ಮನೇ ಬಂದಳು.

"ಏಳು. ಗ್ವಾಡಿ ಬಿದ್ರ ನಿನ್ನ ಮ್ಯಾಲೇ ಬೀಳ್ತದ."

"ನೀ ಹೊತ್ತ ಕಲ್ಲು ಇವು" ಎಂದ ಪಕೀರಪ್ಪ.

"ಹೊತ್ತಾಕಿ ನಾನು. ನನಗಿಲ್ಲದ ಸಂಕಟ ನಿನಗ್ಯಾಕ? ಇಷ್ಟು ವರ್ಷ ಈ ಗ್ವಾಡಿ ಬುಡಕ ಕುಂತು ಬೆವತೀನಿ. ಒಂದು ಕಿಟಕಿ ಇಟ್ಟಿಲ್ಲ ನೀವು. ಕೆಡವ್ರಿ ಅತ್ಲಾಗ!"

ಯಮನೂರಪ್ಪ ನಕ್ಕ. ಪಕೀರಪ್ಪನಿಗೆ ನಗು ಬರಲಿಲ್ಲ, ಆದರೂ ಎದ್ದ. ಮೊದಲ ಏಟು ತಾನೇ ಹಾಕುತ್ತೇನೆಂದು ಹಾರೆ ಇಸಿದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಹೊರಗೆ ಮಗುಚಿಕೊಂಡಿತು. ಧೂಳು ಇಳಿದಾಗ ನೋಡಿದರೆ, ಅಷ್ಟು ಗಟ್ಟಿಯಾಗಿ ಮಾತಾಡಿದ್ದ ವೆಂಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕುತ್ತಿದ್ದಳು.

"ಎಷ್ಟು ಕಲ್ಲು ಹೊತ್ತಿದ್ನಲ್ಲೋ ಯಪ್ಪಾ..."

ಪಕೀರಪ್ಪ ಹಾರೆ ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದ. ಆಮೇಲೆ ಇಬ್ಬರೂ ಕೂತು, ಒಡೆಯದೆ ಉಳಿದ ಕಲ್ಲುಗಳನ್ನು ಆರಿಸಿ ಬೇರೆ ಇಟ್ಟರು. ಯಮನೂರಪ್ಪ ಅವನ್ನೇ ಹೊಸ ಬುನಾದಿಗೆ ಹಾಕಿದ. ಹೊಸ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿಗಳೂ ಬಂದವು.

ಕ್ರಿಸ್‌ಮಸ್ ಹೊತ್ತಿಗೆ ಚರ್ಚು ಮತ್ತೆ ತೆರೆಯಿತು. ನೆಲದ ತೇವ ಇನ್ನೂ ಆರಿರಲಿಲ್ಲ, ಬೆಂಚುಗಳ ಕಾಲು ಕೂಡಿಸುವುದೂ ಆಗಿರಲಿಲ್ಲ. ಹುಲ್ಲು ಹರವಿ ಅದರ ಮೇಲೆ ಜಮಖಾನ ಹಾಸಿದ್ದರು. ಎಂದಿನಂತೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಆ ದಿನ ಪಕೀರಪ್ಪ ನೇರ ಬಂದು ವೆಂಕಮ್ಮನ ಮಗ್ಗುಲಲ್ಲಿ ಕೂತ. ಹಿಂದೆ ಕೂತಿದ್ದ ನೆರೆಮನೆಯ ಗೋಪಮ್ಮ ಕಿಸಕ್ಕನೆ ನಕ್ಕಳು.

"ಅತ್ಲಾಗ ಹೋಗು, ಮಂದಿ ನೋಡಾಕತ್ತಾರ" ಎಂದು ವೆಂಕಮ್ಮ ಪಿಸುಗುಟ್ಟಿದಳು.

"ನೋಡ್ಲಿ ಬಿಡು."

ಅವಳು ಮುಖ ಗಂಟಿಕ್ಕಿದಳು. ಆಮೇಲೆ ಅವನಿಗೆ ಜಾಗ ಸಾಲುವಂತೆ ತುಸು ಸರಿದು ಕೂತಳು.